ಹಬ್ಬಕ್ಕೆ ನಮ್ಮ ಮನೆಗೇ ನೆಂಟಳಾಗಿ ಬಂದ ಅವ್ವ

ಚರ್ಚಿನ ಪಕ್ಕದ ಬಾಗಿಲ ಚೌಕಟ್ಟಿನಲ್ಲಿ, ಭುಜದ ಎತ್ತರಕ್ಕೆ, ನಾಲ್ಕು ಬೆರಳಿನ ಒಂದು ಹಳದಿ ಗುರುತಿತ್ತು. ಹೆಬ್ಬೆರಳಿನ ಗುರುತು ಕಾಣುತ್ತಿರಲಿಲ್ಲ, ಅದು ಚೌಕಟ್ಟಿನ ಆಚೆ ಬದಿಗೆ ಬೀಳುತ್ತಿತ್ತು. ಡಿಸೆಂಬರಿನಲ್ಲಿ ಸುಣ್ಣ ಹೊಡೆಯುವವರು ಮರಕ್ಕೂ ಒಂದು ಕೈ ಬಳಿದು ಅದನ್ನು ಮುಚ್ಚುತ್ತಿದ್ದರು. ಕ್ರಿಸ್ಮಸ್ ದಿನ ಪಾದ್ರಿಗಳ ಪ್ರಸಂಗ ಅರ್ಧಕ್ಕೆ ಬರುವ ಹೊತ್ತಿಗೆ ಅದು ಮತ್ತೆ ಅಲ್ಲೇ ಇರುತ್ತಿತ್ತು.

ಅದು ನನ್ನ ಅವ್ವನ ಕೈ. ಅಪ್ಪ ಮಳವಳ್ಳಿಯಲ್ಲಿ ಮಿಷನ್ ಶಾಲೆಯ ಮೇಷ್ಟ್ರು. ನಮ್ಮ ಮನೆಗೂ ಚರ್ಚಿಗೂ ಒಂದೇ ಅಂಗಳ. ಹಬ್ಬದ ದಿನ ಸುತ್ತಲಿನ ಹಳ್ಳಿಗಳಿಂದ, ಹಲಗೂರಿನ ಕಡೆಯಿಂದ, ಸಭೆಯವರು ಗಾಡಿ ಕಟ್ಟಿಕೊಂಡು, ನಡೆದುಕೊಂಡು ಬರುತ್ತಿದ್ದರು. ಆರಾಧನೆ ಮುಗಿದ ಮೇಲೆ ಎಲ್ಲರಿಗೂ ನಮ್ಮ ಅಂಗಳದಲ್ಲಿ ಊಟ. ಅಷ್ಟೂ ಜನಕ್ಕೆ ಬೇಯಿಸುವವಳು ಅವ್ವ. ಹಿಂದಿನ ದಿನ ಒರಳಿನ ಮುಂದೆ ಕೂತವಳ ಅಂಗೈಗೆ ಅಂಟಿದ ಅರಿಸಿನ ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಚರ್ಚಿನಲ್ಲಿ ಹೆಂಗಸರ ಚಾಪೆಯ ತುದಿಯಲ್ಲಿ, ಪಕ್ಕದ ಬಾಗಿಲಿಗೆ ಒತ್ತಿಕೊಂಡು ಕೂರುತ್ತಿದ್ದಳು. ಪ್ರಸಂಗದ ನಡುವೆ ಒಲೆಯ ಮೇಲಿನ ಬಾಡು ಅವಳ ಮೂಗಿಗೆ ಏನೋ ಹೇಳುತ್ತಿತ್ತು. ಚೌಕಟ್ಟು ಹಿಡಿದು ಎದ್ದು, ಸದ್ದಿಲ್ಲದೆ ಹೊರಗೆ ಜಾರುತ್ತಿದ್ದಳು. ಕೊನೆಯ ಕೀರ್ತನೆಯನ್ನು ಅವಳು ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳು.

ಆ ವರ್ಷ ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಮಂಡ್ಯದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಕೊತ್ತತ್ತಿಯ ಕಡೆಯಿಂದ ಬರುವ ಹುಡುಗಿಯರು ಚೀಲದಲ್ಲಿ ಪುಸ್ತಕಕ್ಕಿಂತ ಹೆಚ್ಚು ಕಬ್ಬಿನ ತುಂಡು ತರುತ್ತಿದ್ದರು. ಕೈಗೆ ಸಂಬಳ ಬಂದಿತ್ತು. ಡಿಸೆಂಬರ್ ಮೊದಲ ವಾರ ಊರಿಗೆ ಹೋದಾಗ ಅವ್ವ ಹಜಾರದಲ್ಲಿ ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಜಗುಲಿಯ ಮೇಲೆ ಚರ್ಚಿನ ಕಾಗದದ ನಕ್ಷತ್ರಕ್ಕೆ ಬಿದಿರ ಕಡ್ಡಿ ಕಟ್ಟುತ್ತಿದ್ದರು.

"ಅವ್ವ, ಹಬ್ಬಕ್ಕೆ ನಿನಗೇನು ಬೇಕು?" ಎಂದೆ.

"ನಂಗೇನ್ ಬೇಕವ್ವ. ನೀವೆಲ್ಲ ಚೆಂದಾಗಿದ್ರೆ ಸಾಕು."

ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವುದು ನನಗೆ ಬರುವುದಿಲ್ಲ. ಒಳಗೆ ಹೋಗಲು ಎದ್ದೆ.

"ಅಷ್ಟೇಯಾ ಕೇಳೋದು?" ಎಂದಳು ಅವ್ವ. "ಬಿ.ಎ. ಓದ್ಸಿದ್ದಕ್ಕೆ ಒಂದೇ ಕಿತ ಕೇಳೋದ ಕಲ್ತ್ಕೊಂಡ್ ಬಂದ್ಯಾ? ಬೇರೆ ಮನೇಲಾಗಿದ್ರೆ ಮೂರ್ ಕಿತ ಕೇಳೋರು. ಕೂತ್ಕೊ."

ಕೂತೆ. ಅವ್ವ ಒಂದು ಅವರೆಕಾಯಿಯನ್ನು ಮೊರದ ಅಂಚಿಗೆ ಇಟ್ಟಳು.

"ಒಂದು. ಮೋಟಾರಲ್ಲಿ ಮುಂದ್ಗಡೆ ಸೀಟು. ಡ್ರೈವರ್ ಪಕ್ಕ. ಹಿಂದ್ಗಡೆ ಕುಂತು ಯಾರದೋ ಕೋಳಿ ಮಂಕ್ರಿ ತೊಡೆ ಮ್ಯಾಲಿಟ್ಕೊಂಡು ಸಾಕಾಗದೆ ನಂಗೆ."

"ಎಲ್ಲಿಗೆ ಹೋಗಕ್ಕೆ?"

"ತಡಿ, ಏಳ್ತೀನಿ." ಇನ್ನೊಂದು ಕಾಯಿ ಇಟ್ಟಳು. "ಎರಡು. ಸೀರೆ. ಬಿಳೀದಲ್ಲ. ಗಿಣಿ ಅಸ್ರು, ಕೆಂಪಂಚು. ಬೀದಿ ಆ ಕೊನೇಲಿ ಬತ್ತಿದ್ರೆ ಈ ಕೊನೇಲಿರೋರು ಯಾರಪ್ಪ ಅದು ಅನ್ಬೇಕು."

ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಮಿಷನ್ ದೊರೆಸಾನಿಯೊಬ್ಬರು, ಮೇಷ್ಟ್ರ ಹೆಂಡತಿಗೆ ಬಿಳಿ ಸೀರೆ ಒಪ್ಪುತ್ತದೆ ಎಂದಿದ್ದರಂತೆ. ಆಕೆ ಸೀಮೆಗೆ ಹೋಗಿ ಎಷ್ಟೋ ಕಾಲವಾಗಿತ್ತು. ಬಿಳಿ ಸೀರೆ ಮಾತ್ರ ಉಳಿದುಕೊಂಡಿತ್ತು.

"ಮೂರು. ಬಾಗ್ಲಲ್ಲಿ ಕಾಲಿಗೆ ನೀರು ಕೊಡ್ಬೇಕು. ಸೇದೋರು ಬ್ಯಾರೆಯೋರಾಗಿರ್ಬೇಕು. ನಾಕು. ಊಟಕ್ಕೆ ಕುಂತಾಗ ಇನ್ನೊಂಚೂರು ಆಕ್ಕೊಳಿ ಅಂತ ಬಲವಂತ ಮಾಡ್ಬೇಕು. ನಾನು ಬ್ಯಾಡ ಬ್ಯಾಡ ಅಂತ ಎಲೆಗೆ ಕೈ ಅಡ್ಡ ಇಡ್ತೀನಿ. ಆಗ್ಲೂ ಆಕ್ಬೇಕು. ಐದು. ಅಡ್ಗೆ ಕೆಟ್ಟೋಗಿರ್ಬೇಕು."

"ಕೆಟ್ಟಿರಬೇಕಾ?"

"ಊಂ. ನಾನು ಬಾಯಲ್ಲಿ, ಬೋ ಚಂದಾಗದೆ ಕಣ್ರವ್ವ ಅನ್ಬೇಕು. ಮನ್ಸಲ್ಲಿ, ಥೂ, ಉಪ್ಪಿಲ್ಲ ಉಳಿಯಿಲ್ಲ, ಏನ್ ಎಂಗಸ್ರಪ್ಪ ಇವ್ರು ಅಂದ್ಕೋಬೇಕು. ಅದ್ರಲ್ಲಿ ಎಷ್ಟ್ ಸುಖ ಇದ್ದದು ಅಂತೀಯ! ಇಷ್ಟೂ ವರ್ಸ ಬಂದೋರೆಲ್ಲ ನನ್ನೆದ್ರಿಗೆ ಆ ಸುಖ ಪಟ್ಟವ್ರೆ. ನಂಗೊತ್ತಿಲ್ವ?"

ನಗು ತಡೆಯಲಾಗಲಿಲ್ಲ. ಅವ್ವನೂ ಮೊರ ಅಲುಗುವಂತೆ ನಕ್ಕಳು. ಆಮೇಲೆ ಆರನೆಯ ಕಾಯಿಯನ್ನು ಇಡದೆ ಕೈಯಲ್ಲೇ ಹಿಡಿದುಕೊಂಡಳು.

"ಆರು. ಚರ್ಚಲ್ಲಿ ಕೊನೇ ಕೀರ್ತನೆ ಗಂಟ ಕುಂತಿರ್ಬೇಕು. ಪಾದ್ರಿಗಳು ಕೈಯೆತ್ತಿ ಆಸೀರ್ವಾದ ಮಾಡಾಗಂಟ. ಎಲ್ಲಾರ್ ಜೊತೇಲಿ ಎದ್ದು, ಎಲ್ಲಾರ್ ಜೊತೇಲಿ ಆಚೆ ಬರ್ಬೇಕು." ಕಾಯಿಯನ್ನು ಇಟ್ಟಳು. "ಅಷ್ಟೇಯ. ಅಬ್ಬಕ್ಕೆ ನಾನು ನೆಂಟ್ರಾಗಿ ಬರ್ಬೇಕು. ಈ ಮನೆಗೇಯ."

ಜಗುಲಿಯಿಂದ ಅಪ್ಪನ ದನಿ ಬಂತು. "ಅಡ್ಗೆ ಯಾರು ಮಾಡೋದು?"

"ಅದ ಮನೆಯೋರು ನೋಡ್ಕೋಬೇಕು. ನೆಂಟ್ರಿಗ್ಯಾಕೆ ಆ ಉಸಾಬರಿ?"

ಅಪ್ಪ ನಕ್ಷತ್ರದ ಒಂದು ಮೂಲೆಯನ್ನು ಬಿಗಿದು ಗಂಟು ಹಾಕಿದರು. ಆಮೇಲೆ ಹೇಳಿದರು: "ಯೇಸು ಹುಟ್ಟೋ ರಾತ್ರಿ ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಇಲ್ಲ ಅಂದವನ ಹೆಸರು ಇವತ್ತಿಗೂ ಕೆಟ್ಟಿದೆ. ನನ್ನ ಹೆಸರು ಯಾಕೆ ಕೆಡಿಸ್ಕೊಳ್ಳಲಿ. ಬಾ."

ಹೀಗೆ ತೀರ್ಮಾನವಾಯಿತು. ಅವ್ವ ಹಬ್ಬಕ್ಕೆ ಮುಂಚೆ ಮದ್ದೂರಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಇರುವುದು, ಹಬ್ಬದ ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ನೆಂಟಳಾಗಿ ಬಂದಿಳಿಯುವುದು. ಸಾರಿಗೆ ಮಸಾಲೆ ಹದ ಹೇಗೆ ಎಂದು ಹೊರಡುವ ಮೊದಲು ಹೇಳಿಕೊಡು ಎಂದರೆ, "ಎಲ್ಲಾರ ನೆಂಟ್ರು ಅಡ್ಗೆ ಏಳ್ಕೊಟ್ಟು ಬಂದಾರಾ?" ಎಂದು ಬಾಯಿ ಮುಚ್ಚಿಸಿದಳು.

ನಾನು ಮಂಡ್ಯದ ಪೇಟೆಯಲ್ಲಿ ಸೀರೆ ಕೊಂಡೆ. ಅಂಗಡಿಯವರು ನನ್ನನ್ನು ನೋಡಿ ಬೂದು, ಕೆನೆ, ಮಾಸಲು ನೀಲಿಗಳನ್ನು ಬಿಚ್ಚಿ ಹರಡಿದರು. ಗಿಣಿ ಹಸಿರು ಎಂದಾಗ ಮತ್ತೊಮ್ಮೆ ನನ್ನ ಮುಖ ನೋಡಿದರು. ಅದನ್ನು ಮದ್ದೂರಿನ ಚಿಕ್ಕಮ್ಮನ ಮನೆಗೆ ಮುಟ್ಟಿಸಿ, ಮದ್ದೂರು ಮಳವಳ್ಳಿ ಬಸ್ಸಿನ ಡ್ರೈವರಿಗೂ ಹೇಳಿದೆ. ಆತ ಆ ದಾರಿಗೆ ಹೊಸಬ. "ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮುಂದಿನ ಸೀಟು ಬೇಕು. ಮಳವಳ್ಳಿ ಮೇಷ್ಟ್ರ ಮನೆಗೆ ನೆಂಟರಮ್ಮ ಒಬ್ಬರು ಬರುತ್ತಾರೆ." ನೆಂಟರು ಯಾರು ಎಂದು ಆತ ಕೇಳಲಿಲ್ಲ. ನಮ್ಮ ಮನೆಯ ಮಾತನ್ನು ಬಸ್ಸಿನ ಬಾಗಿಲಲ್ಲಿ ಬಿಚ್ಚುವ ಅಗತ್ಯ ನನಗೂ ಕಾಣಲಿಲ್ಲ.

ಈ ನಡುವೆ ಮಳವಳ್ಳಿಯಲ್ಲಿ ಇನ್ನೊಂದು ಏರ್ಪಾಟು ನಡೆದಿತ್ತು. ನಮ್ಮ ಸಭೆಗೆ ಹೊಸದಾಗಿ ಬಂದಿದ್ದ ಪಾದ್ರಿಗಳು ಮಂಡ್ಯದಲ್ಲಿದ್ದರು. ಅವರ ಹೆಂಡತಿ ಮೊದಲ ಸಲ ಮಳವಳ್ಳಿಯ ಹಬ್ಬಕ್ಕೆ ಬರುವುದಾಗಿ ಅಪ್ಪನಿಗೆ ತಿಳಿಯಿತು. ಪಾದ್ರಿಗಳು ಮೊದಲೇ ಬಂದು ಹಳ್ಳಿಗಳನ್ನು ಸುತ್ತುವುದು, ಪಾದ್ರಿಯಮ್ಮನವರು ಹಿಂದಿನ ದಿನ ಮಧ್ಯಾಹ್ನದ ಬಸ್ಸಿಗೆ ಬರುವುದು. ಸಭೆಯ ಹಿರಿಯರು ಹಲಗೂರಿನಿಂದ ಓಲಗದವರನ್ನು ಗೊತ್ತುಮಾಡಿದರು. ಹಾರಕ್ಕೆ ಹೇಳಿದರು. ಅಪ್ಪ ಅದೇ ಡ್ರೈವರನ್ನು ಕಂಡು, ಮೇಷ್ಟ್ರ ಮನೆಗೆ ಹಬ್ಬಕ್ಕೆ ಅಮ್ಮನವರೊಬ್ಬರು ಬರುತ್ತಾರೆ, ಮುಂದಿನ ಸೀಟು ಇಟ್ಟಿರಪ್ಪ ಎಂದರು. "ಗೊತ್ತು ಬುಡಿ ಮೇಷ್ಟ್ರೆ," ಎಂದನಂತೆ ಆತ. ಓಲಗದವರಿಗೆ ಅಪ್ಪ ಕೊಟ್ಟ ಗುರುತೂ ಅದೇ: ಡ್ರೈವರ್ ಪಕ್ಕದಿಂದ ಇಳಿಯುವ ಅಮ್ಮನವರು. ಅವ್ವನ ಮೊದಲ ಆಸೆಯನ್ನು ಅವರು ಮರೆತೇಬಿಟ್ಟಿದ್ದರು. ಬಸ್ಸಿನ ಮುಂದಿನ ಸೀಟಿನಲ್ಲಿ ಮಾನ್ಯರಲ್ಲದೆ ಇನ್ಯಾರು ಕೂರುತ್ತಾರೆ?

ಇದೊಂದೂ ನನಗೆ ತಿಳಿದಿರಲಿಲ್ಲ. ಹಬ್ಬದ ಹಿಂದಿನ ದಿನ ಬೆಳಿಗ್ಗೆ ರಜೆಗೆಂದು ಊರಿಗೆ ಬಂದಾಗ ಅಪ್ಪ ಪಂಚೆ ಮೇಲೆ ಕಟ್ಟಿ ಕಜ್ಜಾಯದ ಪಾಕದ ಮುಂದೆ ನಿಂತಿದ್ದರು. ಮೀಸೆಯಲ್ಲಿ ಅಕ್ಕಿ ಹಿಟ್ಟು. "ಅವ್ವನ್ನ ಕರ್ಕೊಂಡು ಬಾ. ಪಾದ್ರಿಯಮ್ಮನವರೂ ಅದೇ ಬಸ್ಸಿಗೆ ಬರ್ತಾರೆ. ಅವರಿಗೆ ಓಲಗದವರು ಇದ್ದಾರೆ, ನೀನು ಜೊತೇಲಿ ಬಂದರೆ ಸಾಕು. ನಾನು ಇದನ್ನ ಬಿಟ್ಟು ಬಂದರೆ ಪಾಕ ಕಲ್ಲಾಗುತ್ತೆ."

ಬಸ್ಸು ಕಾಳಮುದ್ದನದೊಡ್ಡಿಯ ಕಡೆಯಿಂದ ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಡ್ರೈವರ್ ತಾನೇ ಸುತ್ತಿ ಬಂದು ಮುಂದಿನ ಬಾಗಿಲು ತೆರೆದ. ಗಿಣಿ ಹಸಿರಿನ ನೆರಿಗೆ, ಆಮೇಲೆ ಒಂದು ಕಾಲು, ಆಮೇಲೆ ಅವ್ವ. ಧೂಳಿನಲ್ಲಿ ಆ ಹಸಿರು ಎಷ್ಟು ಹೊಳೆಯಿತೆಂದರೆ ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ಆಚೆ ಬಂದರು.

ಓಲಗ ಶುರುವಾಯಿತು.

ಓಲಗದ ಹಿರಿಯ ಮುಂದೆ ಬಂದು ಬಗ್ಗಿ ಏನೋ ಹೇಳಿ, ಎರಡೂ ಕೈಯಲ್ಲಿ ಸೇವಂತಿಗೆಯ ಹಾರ ನೀಡಿದ. ಹೆಂಗಸಿನ ಕೊರಳಿಗೆ ಹಾಕುವುದು ಅವನಿಂದಾಗುವ ಕೆಲಸವಲ್ಲ. ಅವ್ವ ಹಾರವನ್ನು ನೋಡಿದಳು, ಅವನನ್ನು ನೋಡಿದಳು. ಆಮೇಲೆ ಹಾರ ತೆಗೆದುಕೊಂಡು ತಾನೇ ಕೊರಳಿಗೆ ಹಾಕಿಕೊಂಡು, ಸೆರಗು ಸರಿಮಾಡಿಕೊಂಡು, ನಡೆಯಪ್ಪ ಎನ್ನುವಂತೆ ತಲೆಯಾಡಿಸಿದಳು. ಮೆರವಣಿಗೆ ಹೊರಟಿತು.

ನಾನು ಹುಣಿಸೆ ಮರದ ಕೆಳಗೆ ನಿಂತಲ್ಲೇ ನಿಂತಿದ್ದೆ. ಅವ್ವ ಹಾದುಹೋಗುವಾಗ ನನ್ನ ಕಡೆ ಒಂದು ನೋಟ ಬೀರಿದಳು. ಅಂಥ ಖುಷಿಯನ್ನು ಅವಳ ಮುಖದಲ್ಲಿ ನಾನು ಕಂಡದ್ದು ಅದೇ ಮೊದಲು. ಓಲಗ ಅವಳಿಗಲ್ಲ. ಓಡಿಹೋಗಿ ನಿಲ್ಲಿಸಬೇಕಾದವಳು ನಾನು. ನಾನು ಹೋಗಲಿಲ್ಲ.

ಬಸ್ಸಿನ ಹಿಂದಿನ ಬಾಗಿಲಿನಿಂದ ಕೊನೆಯವರಾಗಿ ದಪ್ಪನೆಯ ಹೆಂಗಸೊಬ್ಬರು ಇಳಿದರು. ತಿಳಿ ಬಣ್ಣದ ಸೀರೆ, ಕನ್ನಡಕ. ಕಂಕುಳಲ್ಲಿ ಯಾರದೋ ಕೋಳಿ ಮಂಕರಿ. ಮಂಕರಿಯ ಒಡೆಯ ಅದನ್ನು ಕಿತ್ತುಕೊಂಡು ಹೋದ. ಅವರು ಕನ್ನಡಕ ಒರೆಸಿ ಮೆರವಣಿಗೆಯನ್ನು ನೋಡಿದರು.

"ಯಾರಮ್ಮ ಅವರು? ಅರಮನೆ ಕಡೆಯವರಾ?"

"ಅಲ್ಲ," ಎಂದೆ. "ನಮ್ಮ ಅವ್ವ."

"ಎಲ್ಲಿಂದ ಬರ್ತಿದಾರೆ?"

"ಮದ್ದೂರಿಂದ." ಸುಳ್ಳಲ್ಲ, ಆದರೆ ಸಾಲದು ಅನ್ನಿಸಿತು. "ಈ ಊರಿನವರೇ."

"ಈ ಊರಿನವರನ್ನ ಈ ಊರಿಗೆ ಓಲಗ ಊದಿಸಿ ಕರ್ಕೊಂಡು ಹೋಗ್ತೀರಾ?"

ಹೊಸಬರೊಡನೆ ನಾಲ್ಕು ಮಾತಾಡುವುದೇ ನನಗೆ ಕಷ್ಟ. ಆ ದಿನ ಮೆರವಣಿಗೆಯ ಬಾಲ ಹಿಡಿದು ನಡೆಯುತ್ತಾ ಪಾದ್ರಿಯಮ್ಮನವರಿಗೆ ಅವರೆಕಾಯಿ ಮೊರದಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಐದನೆಯ ಆಸೆಗೆ ಬರುವಷ್ಟರಲ್ಲಿ ಅವರು ನಡುಬೀದಿಯಲ್ಲಿ ನಿಂತು, ಕನ್ನಡಕ ತೆಗೆದು, ಸೆರಗಿನಲ್ಲಿ ಕಣ್ಣೊತ್ತಿಕೊಂಡು ನಗುತ್ತಿದ್ದರು.

"ಅಂದ್ರೆ ಆ ಓಲಗ ನನಗೆ ತರಿಸಿದ್ದು?"

"ಹೌದಮ್ಮ. ನಿಲ್ಲಿಸಿ ಬರ್ತೀನಿ."

"ಅಯ್ಯೋ, ಹೋಗಬೇಡ! ಊದಲಿ. ನಮ್ಮವರಿಗೆ ವರ್ಗವಾದ ಊರಲ್ಲೆಲ್ಲ ಊದಿದ್ದಾರೆ. ಕಿವಿ ತೂತಾಗಿದೆ."

ಪೇಟೆ ಬೀದಿಯ ಎರಡೂ ಕಡೆ ಜನ.

"ಯಾರ್ಲಾ ಅದು?"

"ಮೇಷ್ಟ್ರೆಂಡ್ತಿ ಕಣ್ಲಾ."

"ಸುಮ್ಕಿರ್ಲಾ, ಮೇಷ್ಟ್ರಮ್ಮ ಬಿಳಿ ಸೀರೆ ಬುಟ್ಟು ಬ್ಯಾರೆ ಉಟ್ಟಿದ್ದ ಯಾವತ್ ನೋಡಿದ್ದೀಯ?"

"ಮಕ ನೋಡ್ಲಾ, ಸೀರೆ ಯಾಕ್ ನೋಡ್ತೀಯ!"

ನಮ್ಮ ಪಕ್ಕದ ಮನೆಯ ಗೌಡರ ದೊಡ್ಡವ್ವ ಬಾಗಿಲಿಗೆ ಬಂದು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ ನನ್ನವ್ವ, ಇದೇನೇ ಇದು, ಮದ್ವೆ ಎಣ್ಣಾಗಿದ್ದೀಯ!"

"ಅಬ್ಬಕ್ಕೆ ಬಂದೆ ಕಣಕ್ಕ," ಎಂದಳು ಅವ್ವ, ಓಲಗದ ಮೇಲೆ ದನಿ ಏರಿಸಿ. "ಮನೆಯೋರು ಬಾ ಬಾ ಅಂತ ಒಂದೇ ಬಲವಂತ."

ಮನೆಯ ಬಾಗಿಲಲ್ಲಿ ಪಾದ್ರಿಗಳು, ಸಭೆಯ ಹಿರಿಯರು, ಅವರ ಮುಂದೆ ನೀರಿನ ಚೊಂಬು ಹಿಡಿದ ಅಪ್ಪ. ಸಭೆಯ ಎದುರು ಮಾತಾಡುವಾಗ ಅಪ್ಪನಿಗೆ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ. ಓಲಗ ಹತ್ತಿರ ಬಂದು ನಿಂತ ಕೂಡಲೆ ಕಣ್ಣು ಮುಚ್ಚಿದರು.

"ಪೂಜ್ಯರಾದ ಅಮ್ಮನವರೆ, ಈ ಬಡ ಊರಿಗೆ ತಾವು ಮೊದಲ ಸಲ ದಯಮಾಡಿಸಿದ್ದೀರಿ. ತಮ್ಮ ಕೀರ್ತಿಯನ್ನು ನಾವು ದೂರದಿಂದ ಕೇಳಿದ್ದೆವೇ ಹೊರತು ಕಣ್ಣಾರೆ ಕಾಣುವ ಭಾಗ್ಯ..."

ಇಲ್ಲಿಗೆ ಕಣ್ಣು ತೆರೆದರು. ಚೊಂಬಿನಿಂದ ಸ್ವಲ್ಪ ನೀರು ಚೆಲ್ಲಿತು. ಹಿರಿಯರೊಬ್ಬರು ಬಾಯಿ ತೆರೆಯುವುದರಲ್ಲಿದ್ದರು. ಅವ್ವನ ಬೆನ್ನ ಹಿಂದಿನಿಂದ ಪಾದ್ರಿಯಮ್ಮನವರು ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಲ್ಲಿ ಮುಂದುವರಿಸಿ, ಮುಂದುವರಿಸಿ ಎಂದು ಸನ್ನೆ ಮಾಡಿದರು. ಅವರ ಯಜಮಾನರು ಆ ಬೆರಳನ್ನು ಕಂಡವರು ತಾವೂ ಸುಮ್ಮನಾದರು.

ಅಪ್ಪ ಅವ್ವನನ್ನು ನೋಡಿದರು. ಹಸಿರು ಸೀರೆ, ಹಳದಿ ಹಾರ, ಬಿಸಿಲಿಗೆ ಕೆಂಪಾದ ಮುಖ. ಮತ್ತೆ ಕಣ್ಣು ಮುಚ್ಚಲಿಲ್ಲ.

"ಕಣ್ಣಾರೆ ಕಾಣುವ ಭಾಗ್ಯ ಇವತ್ತು ಬಂತು," ಎಂದರು. "ನಮ್ಮ ಊರಿನ ಅನ್ನ, ನಮ್ಮ ಕೈಯಡುಗೆ ತಮಗೆ ಒಗ್ಗುವುದೋ ಇಲ್ಲವೋ ತಿಳಿಯದು. ಕೊರತೆ ಕಂಡರೆ ಮನ್ನಿಸಬೇಕು."

"ಕೊರ್ತೆ ಏನ್ ಬುಡಿ," ಎಂದಳು ಅವ್ವ. "ಈ ನೀರು ಸೇದ್ದೋರು ಯಾರು?"

"ನಾನೇ."

"ಅಂಗಾದ್ರೆ ಉಯ್ರಿ."

ಅಪ್ಪ ಬಗ್ಗಿ ಅವಳ ಕಾಲಿಗೆ ನೀರು ಹುಯ್ದರು. ಹಿರಿಯರು ಒಟ್ಟಿಗೇ ಕೆಮ್ಮಿದರು. ಪಾದ್ರಿಗಳು ಮಾತ್ರ, ನಾಳೆಗೆ ಬರೆದಿಟ್ಟ ಪ್ರಸಂಗವನ್ನು ಬದಲಿಸಬೇಕಾದೀತೇನೋ ಎಂಬಂತೆ ಯೋಚನೆಯಲ್ಲಿ ನಿಂತಿದ್ದರು.

ಆ ಮಧ್ಯಾಹ್ನದಿಂದ ಅವ್ವ ಹಜಾರದ ಮಂಚದ ಮೇಲೆ ಕಾಲು ಚಾಚಿ ಕೂತಳು. ಪಕ್ಕದಲ್ಲಿ ಪಾದ್ರಿಯಮ್ಮನವರು. ಇಬ್ಬರೂ ಕಜ್ಜಾಯ ತಿನ್ನುತ್ತಾ ಮದ್ದೂರಿನ ರೈಲಿನ ವಿಷಯ, ಮಂಡ್ಯದ ಹೊಸ ಕರೆಂಟು ದೀಪದ ವಿಷಯ ಮಾತಾಡಿದರು. ನಾನು ಒರಳಿನ ಮುಂದೆ. ಅಡುಗೆ ಕಲಿಸುವವರಿಲ್ಲದೆ ಗೋಡೆಯಾಚೆಯ ದೊಡ್ಡವ್ವನನ್ನೇ ನಂಬಿದ್ದೆ. ಅವರು ನಮ್ಮ ಒಲೆಯ ಹತ್ತಿರ ಬರುವವರಲ್ಲ. ಆದರೆ ಅವರ ದನಿಗೆ ಆ ಕಟ್ಟಳೆ ಇರಲಿಲ್ಲ.

"ದೊಡ್ಡವ್ವ, ಕೊತ್ತಂಬರಿ ಬೀಜ ಎಷ್ಟು?"

"ಬೇಕಾದಷ್ಟು ಆಕವ್ವ."

"ಅಂದ್ರೆ ಎಷ್ಟು ಸೇರು?"

"ಸೇರ್ನಲ್ಲಿ ಅಳ್ದು ಆಕಕ್ಕೆ ಅದೇನು ರಾಗಿಯಾ? ಕೈಲಿ ತಗೊ. ಮನ್ಸಿಗೆ ಸಾಕು ಅನ್ಸಿದ್ಮ್ಯಾಲೆ ಇನ್ನೊಂದಿಡಿ ಆಕು."

ನನ್ನ ಮನಸ್ಸಿಗೆ ಯಾವುದೂ ಸಾಕು ಅನ್ನಿಸಲಿಲ್ಲ. ಈರುಳ್ಳಿ ಸೀಯುವ ವಾಸನೆ ಹಜಾರಕ್ಕೆ ಹೋದಾಗ ಮಂಚದ ಮೇಲೆ ಅವ್ವನ ಕಾಲ್ಬೆರಳು ಒಳಗೆ ಮಡಚಿಕೊಂಡದ್ದು ಬಾಗಿಲ ಸಂದಿಯಿಂದ ಕಂಡಿತು. ಮುಖ ಮಾತ್ರ ನಗುತ್ತಲೇ ಇತ್ತು.

ಹಬ್ಬದ ಬೆಳಿಗ್ಗೆ ಅಪ್ಪ, ನಾನು ಇಬ್ಬರೂ ಬಾಡನ್ನು ಕೊಪ್ಪರಿಗೆಗೆ ಹಾಕಿ, ಸೌದೆ ಒತ್ತಿ, ಕೈ ತೊಳೆದು ಚರ್ಚಿಗೆ ಓಡಿದೆವು. ಅವ್ವ ಹೆಂಗಸರ ಚಾಪೆಯ ನಡುಮಧ್ಯೆ ಕೂತಿದ್ದಳು. ಪಕ್ಕದಲ್ಲಿ ಪಾದ್ರಿಯಮ್ಮನವರು. ಬಾಗಿಲ ತುದಿಯ ಅವಳ ಜಾಗ ಖಾಲಿ ಇತ್ತು. ನಾನು ಅಲ್ಲಿ ಕೂತೆ.

ಪ್ರಸಂಗ ಅರ್ಧಕ್ಕೆ ಬಂದಿತ್ತು. ಕುರುಬರು ಕುರಿಗಳನ್ನು ಬಿಟ್ಟು ಬೆತ್ಲೆಹೇಮಿಗೆ ಹೊರಟಿದ್ದರು. ಆಗ ಆ ವಾಸನೆ ಬಂತು. ತಳ ಹಿಡಿಯುವುದಕ್ಕೆ ಮೊದಲು ಬರುವ, ಸಿಹಿಯೋ ಕಹಿಯೋ ತಿಳಿಯದ ವಾಸನೆ. ಸಭೆಯ ಅಷ್ಟೂ ಮೂಗುಗಳು ಒಮ್ಮೆಗೇ ಅಲುಗಿದವು. ಮುಂದಿನ ಸಾಲಿನಲ್ಲಿ ಅಪ್ಪನ ಬೆನ್ನು ನೆಟ್ಟಗಾಯಿತು. ಅವ್ವನ ಬಲಮಂಡಿ ಮೇಲೆದ್ದಿತು. ಅದು ಅವಳು ಎತ್ತಿದ್ದಲ್ಲ, ತಾನಾಗಿ ಎದ್ದಿತು. ಪಾದ್ರಿಯಮ್ಮನವರು ಕಣ್ಣನ್ನು ಪಾದ್ರಿಗಳ ಮೇಲೇ ಇಟ್ಟುಕೊಂಡು ಅವಳ ಸೆರಗನ್ನು ಹಿಡಿದು ಕೆಳಕ್ಕೆ ಜಗ್ಗಿದರು. ಮಂಡಿ ಮತ್ತೆ ಎದ್ದಿತು. ಮತ್ತೆ ಜಗ್ಗಿದರು. ಅವ್ವ ತಲೆ ತಿರುಗಿಸಿ ನನ್ನನ್ನು ನೋಡಿದಳು. ನಗು, ಗಾಬರಿ ಎರಡೂ ಇದ್ದವು. ಇನ್ನೊಂದು ಗಳಿಗೆ ತಡೆದರೆ ಸೆರಗು ಬಿಡಿಸಿಕೊಂಡು ಎದ್ದುಬಿಡುತ್ತಿದ್ದಳು. ಕೈಸನ್ನೆಯಲ್ಲೇ ಅವಳನ್ನು ಕೂರು ಎಂದು ತಡೆದು, ನಾನೇ ಎದ್ದು ಹೊರಗೆ ಓಡಿದೆ.

ಕೊಪ್ಪರಿಗೆಯ ತಳ ಹಿಡಿದೇಬಿಟ್ಟಿತ್ತು. ಸೌದೆ ಎಳೆದೆ, ನೀರು ಸುರಿದೆ, ಸೌಟಿನಲ್ಲಿ ಮೇಲಿನದನ್ನಷ್ಟೇ ಬೇರೆ ಪಾತ್ರೆಗೆ ತೋಡಿದೆ. ಮುಖದ ತುಂಬ ಹೊಗೆ. ಆಗ ಕಿಟಕಿಯಿಂದ ಕೊನೆಯ ಕೀರ್ತನೆ ಕೇಳಿಸಿತು.

ಮೊದಲ ಸಾಲು ಎಂದಿನಂತೆ ನಿಧಾನವಾಗಿ, ಎತ್ತಿನ ಗಾಡಿ ಏರು ಹತ್ತುವಂತೆ ಹೊರಟಿತು. ಎರಡನೆಯ ಸಾಲಿನಲ್ಲಿ ಒಂದು ದನಿ ಮುಂದೆ ಹೋಯಿತು. ಅವ್ವನದು. ವರ್ಷವರ್ಷವೂ ಆ ಕೀರ್ತನೆಯನ್ನು ಅವಳು ಒಬ್ಬಳೇ, ಸೌಟು ತಿರುಗಿಸುತ್ತಾ, ಅನ್ನ ಬಸಿಯುತ್ತಾ, ಕೆಲಸದ ವೇಗಕ್ಕೆ ಹಾಡಿದ್ದಳು. ಜನರ ಜೊತೆ ಎಷ್ಟು ನಿಧಾನವಾಗಿ ಹಾಡಬೇಕೆಂದು ಅವಳಿಗೆ ಗೊತ್ತೇ ಇರಲಿಲ್ಲ. ಸಭೆ ಒಂದು ಸಾಲು ಎಳೆಯುವಷ್ಟರಲ್ಲಿ ಅವಳು ಮುಂದಿನದನ್ನು ಮುಗಿಸಿದ್ದಳು. ಹೆಂಗಸರು ಅವಳ ಹಿಂದೆ ಓಡಿದರು. ಗಂಡಸರು ತಡೆದು ನೋಡಿ, ಸೋತು, ಅವರೂ ಓಡಿದರು. ಕೊನೆಯ ಚರಣಕ್ಕೆ ಇಡೀ ಚರ್ಚು ಸಂತೆಗೆ ಹೊತ್ತಾದವರ ಹಾಗೆ ದಾಪುಗಾಲು ಹಾಕುತ್ತಿತ್ತು. ಅಪ್ಪನ ಮಂದ್ರ ದನಿ ಎಡವಿ ಎಡವಿ ಜೊತೆಗೂಡಿತು. ನಾನು ಸೌಟು ಹಿಡಿದು, ಹೊಗೆಗೋ ನಗುವಿಗೋ ಕಣ್ಣಲ್ಲಿ ನೀರು ತುಂಬಿಕೊಂಡು, ಕಿಟಕಿಯ ಹತ್ತಿರ ನಿಂತು ಆಮೆನ್ ಅಂದೆ.

ಬಾಗಿಲಿನಿಂದ ಎಲ್ಲರೂ ಹೊರಬಂದರು. ಅವ್ವ ಎಲ್ಲರ ನಡುವೆ ಇದ್ದಳು.

ಊಟದಲ್ಲಿ ಅವಳ ಎಲೆ ಮೊದಲು. ನಾನು ಸಾರು ಬಡಿಸಿದೆ. ಒಂದು ತುತ್ತು ಬಾಯಿಗಿಟ್ಟು, ಅಗಿದು, ಸ್ವಲ್ಪ ಹೊತ್ತು ಆಕಾಶ ನೋಡಿದಳು.

"ಬೋ ಚಂದಾಗದೆ ಕಣವ್ವ," ಎಂದಳು. ಅವಳ ಮುಖದಲ್ಲಿದ್ದ ಸುಖ ಹೇಳತೀರದು.

"ಇನ್ನೊಂದು ಸೌಟು ಹಾಕಿಸ್ಕೊಳ್ಳಿ," ಎಂದೆ.

"ಬ್ಯಾಡ ಬ್ಯಾಡ! ವಟ್ಟೆ ತುಂಬೋಗದೆ!" ಎಲೆಗೆ ಎರಡೂ ಕೈ ಅಡ್ಡ ಇಟ್ಟಳು. ಈ ಸಲ ನಿಜಕ್ಕೂ ಬೇಡವಾಗಿತ್ತು ಎಂದು ನನಗೆ ಗೊತ್ತಿತ್ತು. ಬೆರಳ ಸಂದಿಯಲ್ಲೇ ಹಾಕಿದೆ.

ಸಂಜೆಗೆ ಮುಂಚೆ ಪಾದ್ರಿಗಳು, ಅವರ ಮನೆಯವರು ಹಲಗೂರಿನ ಆರಾಧನೆಗೆಂದು ಗಾಡಿ ಹತ್ತಿದರು. ಅವ್ವ ಒಳಗಿನಿಂದ ಬಾಡಿದ ಹಾರ ತಂದು ಪಾದ್ರಿಯಮ್ಮನವರ ಕೈಗಿಟ್ಟಳು.

"ತಗೊಳಿ, ನಿಮ್ದು. ಒಂದಿನ ಇಟ್ಕೊಂಡಿದ್ದೆ."

ಪಾದ್ರಿಯಮ್ಮನವರ ಬಾಯಿ ತೆರೆದೇ ಇತ್ತು. "ನಿಮಗೆ ಗೊತ್ತಿತ್ತಾ?"

"ಓಲಗದೋನು, ಪಾದ್ರಿಯಮ್ಮೋರೆ ಬನ್ನಿ ಅಂತ ಬಗ್ಗಿದ. ನಂಗೆ ಕಿವಿ ಇಲ್ವ?" ಎಂದಳು ಅವ್ವ. "ಓಲಗ ಸುರುವಾಗೋಗಿತ್ತು. ಮುಂದ್ಗಡೆ ಸೀಟಿಂದ ಇಳ್ದೋಳು, ನಾನಲ್ಲ ಬುಡಪ್ಪ ಅಂತ ಇಂದ್ಕೋಗಿ ಮೋಟಾರ್ ಅತ್ಲಾ?"

ಗಾಡಿ ತಿರುವು ದಾಟುವವರೆಗೂ ಆ ಹೆಂಗಸಿನ ನಗು ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ನಾನು ಬೇಗ ಎದ್ದೆ. ಅವ್ವ ಕಂಬಳಿ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಾಗಿಲನ್ನು ಸದ್ದಾಗದಂತೆ ಮುಂದಕ್ಕೆಳೆದು, ಕೊಪ್ಪರಿಗೆಯನ್ನು ಬಾವಿಕಟ್ಟೆಗೆ ಉರುಳಿಸಿಕೊಂಡು ಹೋದೆ. ತಳದಲ್ಲಿ ಇದ್ದಿಲಿನಂಥ ಕಪ್ಪು. ಹುಣಿಸೆಹಣ್ಣು, ಬೂದಿ, ತೆಂಗಿನ ನಾರು ತಂದು, ತೋಳು ಮಡಚಿ ಅದರೊಳಗೆ ಬಗ್ಗಿದೆ.

ಗೋಡೆಯ ಮೇಲೆ ದೊಡ್ಡವ್ವನ ತಲೆ ಕಾಣಿಸಿತು. "ನಿಮ್ಮವ್ವ ಎಲ್ಲೇ?"

"ಮಲಗಿದಾಳೆ ದೊಡ್ಡವ್ವ."

"ಇಷ್ಟೊತ್ತಾದ್ರೂವಾ? ಮೈಗೆ ಉಸಾರಿಲ್ವ?"

"ಚೆನ್ನಾಗಿದಾಳೆ. ನೆಂಟರಲ್ವ, ಏಳ್ತಾರೆ ನಿಧಾನವಾಗಿ."

ದೊಡ್ಡವ್ವ ನನ್ನನ್ನೂ ಕೊಪ್ಪರಿಗೆಯನ್ನೂ ಒಮ್ಮೆ ನೋಡಿದರು. "ಅಡ್ಡಡ್ಡ ಉಜ್ಜಿದ್ರೆ ಸಂಜೆ ಆದ್ರೂ ಓಗಕಿಲ್ಲ. ಸುತ್ತ ಉಜ್ಜು."

ನಾನು ಇನ್ನೊಂದು ಹಿಡಿ ಬೂದಿ ತೆಗೆದುಕೊಂಡು ಸುತ್ತ ಉಜ್ಜಿದೆ.